ಒಂದೇ ಹೊಳೆ, ಎರಡು ಹೆಸರು: ವೇದಾವತಿ ಎಲ್ಲಿ ಹಗರಿಯಾಗುತ್ತದೆ?

ಹಿರಿಯೂರಿನಲ್ಲಿ ನಿಂತು ಹೊಳೆಯ ಹೆಸರು ಕೇಳಿದರೆ ವೇದಾವತಿ ಅಂತಾರೆ. ಬಳ್ಳಾರಿ ತಾಲ್ಲೂಕಿನ ಮೋಕಾದಲ್ಲಿ ನಿಂತು ಕೇಳಿದರೆ ಹಗರಿ ಅಂತಾರೆ. ನೀರು ಒಂದೇ, ಮರಳು ಒಂದೇ. ಮೇಲಿನ ಊರಿನವರಿಗೆ ಕೆಳಗಿನ ಹೆಸರು ಗೊತ್ತಿಲ್ಲ, ಕೆಳಗಿನ ಊರಿನವರಿಗೆ ಮೇಲಿನ ಹೆಸರು ಪೇಪರಿನಲ್ಲಿ ಓದಿ ಮಾತ್ರ ಗೊತ್ತು.

ಹಿಂದೊಮ್ಮೆ ನಾವು ವಾಣಿವಿಲಾಸ ಸಾಗರದ ನೀರಿನ ಬಗ್ಗೆ ಸುದ್ದಿ ಬರೆದಾಗ ಬಳ್ಳಾರಿ ಕಡೆಯ ಓದುಗರೊಬ್ಬರು ಫೋನ್ ಮಾಡಿದ್ದರು. "ಸುದ್ದಿ ಚೆನ್ನಾಗಿದೆ, ಆದರೆ ಅದು ನಿಮ್ಮ ಕಡೆ ಹೊಳೆ, ನಮಗೇನು ಸಂಬಂಧ?" ಅಂದರು. ಅವರ ಹೊಲ ಇರುವುದು ಹಗರಿ ದಂಡೆಯಲ್ಲಿ. ಡ್ಯಾಂ ಕೋಡಿ ಬಿದ್ದರೆ ಆ ನೀರು ಕೊನೆಗೆ ಅವರ ಹೊಲದ ಬದಿಗೇ ಬರಬೇಕು. ಹೆಸರು ಬೇರೆ ಆದ ಕಾರಣಕ್ಕೆ ಹೊಳೆಯೂ ಬೇರೆ ಎಂದು ಅವರು ಅಂದುಕೊಂಡಿದ್ದರು. ಈ ಬರಹ ಶುರುವಾಗಿದ್ದು ಆ ಫೋನಿನಿಂದ.

ಹುಟ್ಟುವುದು ಮಲೆನಾಡಿನಲ್ಲಿ, ಬದುಕುವುದು ಬಯಲಿನಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿ ಶ್ರೇಣಿಯ ಪೂರ್ವ ಇಳಿಜಾರಿನಲ್ಲಿ ಈ ಹೊಳೆ ಹುಟ್ಟುತ್ತದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇರುವುದೂ ಇದೇ ಶ್ರೇಣಿಯಲ್ಲಿ. ಬೆಟ್ಟದ ಪಶ್ಚಿಮಕ್ಕೆ ಬಿದ್ದ ಮಳೆ ಭದ್ರೆಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದ ಮಳೆ ಬಯಲುಸೀಮೆಗೆ ಬರುತ್ತದೆ. ಮಳೆಮೋಡದ ಬಹುಪಾಲು ನೀರು ಪಶ್ಚಿಮದಲ್ಲೇ ಇಳಿದುಬಿಡುವುದರಿಂದ ನಮ್ಮ ಹೊಳೆಗೆ ಸಿಗುವುದು ಉಳಿದ ಪಾಲು.

ಪೂರ್ವಕ್ಕೆ ಇಳಿಯುವ ಹಳ್ಳಗಳಲ್ಲಿ ಎರಡು ಮುಖ್ಯ. ಒಂದು ವೇದಾ. ಇದು ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆಯನ್ನು ತುಂಬಿಸಿ ಮುಂದೆ ಹೋಗುತ್ತದೆ. ಸಖರಾಯಪಟ್ಟಣದ ರುಕ್ಮಾಂಗದ ರಾಯ ಈ ಕೆರೆ ಕಟ್ಟಿಸಿದ ಎಂಬುದು ಅಲ್ಲಿಯ ಐತಿಹ್ಯ. ಇನ್ನೊಂದು ಅವತಿ. ಇದು ಮದಗದ ಕೆರೆಯ ಕಡೆಯಿಂದ ಬರುತ್ತದೆ. ಎರಡೂ ಕಡೂರು ತಾಲ್ಲೂಕಿನ ಪುರದ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ಹೊಳೆಗೆ ವೇದಾವತಿ ಎಂಬ ಹೆಸರು.

ಮುಂದಿನ ದಾರಿ ಹೀಗಿದೆ: ಕಡೂರು ದಾಟಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕು, ಕೆಲ್ಲೋಡು, ಆಮೇಲೆ ಮಾರಿಕಣಿವೆ. ಅಲ್ಲಿ ವಾಣಿವಿಲಾಸ ಸಾಗರ. ನಂತರ ಹಿರಿಯೂರು. ಅಲ್ಲಿಂದ ಹೊಳೆ ಉತ್ತರಕ್ಕೆ ತಿರುಗಿ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಸೀಮೆ ದಾಟಿ ಆಂಧ್ರಕ್ಕೆ ಹೋಗುತ್ತದೆ. ರಾಯದುರ್ಗದ ಕಡೆ ಭೈರವಾನಿತಿಪ್ಪ ಡ್ಯಾಂ ಹಾಯ್ದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಬಳ್ಳಾರಿ ನಗರದ ಪೂರ್ವಕ್ಕೆ ಹರಿದು, ಮೋಕಾ ಬದಿಯಿಂದ ಸಿರುಗುಪ್ಪ ತಾಲ್ಲೂಕಿಗೆ ಹೋಗಿ ತುಂಗಭದ್ರೆಗೆ ಸೇರುತ್ತದೆ. ಒಟ್ಟು ಉದ್ದ ಸುಮಾರು 390 ಕಿ.ಮೀ.

ಇಷ್ಟು ಉದ್ದದಲ್ಲಿ ಮಲೆನಾಡಿನ ಗಾಳಿ ಸೋಕುವುದು ಮೊದಲ ಕೆಲವೇ ಕಿ.ಮೀ. ಉಳಿದಿದ್ದೆಲ್ಲ ಒಣಸೀಮೆ. ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗದ ಕಡೆ ವರ್ಷದ ಮಳೆ 500 ಮಿ.ಮೀ. ಮುಟ್ಟುವುದೇ ಕಷ್ಟ. ಹೀಗಾಗಿ ವರ್ಷದ ಹೆಚ್ಚು ತಿಂಗಳು ಹೊಳೆ ಅಂದರೆ ಬರೀ ಮರಳು. ಆದರೆ ಆ ಮರಳು ಬರಿದಲ್ಲ. ಅದರ ಅಡಿಯಲ್ಲಿ ನೀರು ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಮೊಣಕಾಲುದ್ದ ತೋಡಿದರೆ ಒರತೆ ಸಿಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ನೋಡಿದ್ದಾರೆ. ಮರಳಿನಲ್ಲಿ ಉದ್ದಕ್ಕೆ ಕಾಲುವೆ ತೋಡಿ, ಬಸಿದ ನೀರನ್ನು ದಂಡೆಯ ಗದ್ದೆಗೆ ತಿರುಗಿಸುವ ಪದ್ಧತಿಯೂ ಈ ಸೀಮೆಯಲ್ಲಿತ್ತು. ಪ್ರತಿ ಪ್ರವಾಹಕ್ಕೂ ಆ ಕಾಲುವೆ ಮುಚ್ಚಿಹೋಗುತ್ತಿತ್ತು, ಊರಿನವರು ಸೇರಿ ಮತ್ತೆ ತೋಡುತ್ತಿದ್ದರು.

ವೇದಾವತಿಯೋ, ವೇದವತಿಯೋ?

ಹೆಸರಿನ ವಿಷಯಕ್ಕೆ ಬರೋಣ. ಪತ್ರಿಕೆಗಳಲ್ಲಿ ನೀವು ಎರಡು ಥರ ನೋಡಿರುತ್ತೀರಿ. ಕೆಲವರು ವೇದಾವತಿ ಎಂದು ದೀರ್ಘ ಹಾಕಿ ಬರೆಯುತ್ತಾರೆ, ಕೆಲವರು ವೇದವತಿ ಎಂದು ಬರೆಯುತ್ತಾರೆ. ಇದು ಬರೀ ಅಕ್ಷರದ ವ್ಯತ್ಯಾಸ ಅಲ್ಲ. ಎರಡರ ಹಿಂದೆ ಎರಡು ಕಥೆ ಇವೆ.

ವೇದ, ಅವತಿ ಎಂಬ ಎರಡು ಹೊಳೆ ಕೂಡಿ ಒಂದಾದವು ಎಂಬುದು ಮೊದಲ ಕಥೆ. ಶಾಲೆಯಲ್ಲಿ ಸವರ್ಣದೀರ್ಘ ಸಂಧಿ ಕಲಿತದ್ದು ನೆನಪಿದ್ದರೆ, ವೇದ ಮತ್ತು ಅವತಿ ಕೂಡಿದರೆ ವೇದಾವತಿ ಆಗುತ್ತದೆ. ದೀರ್ಘ ಬರುವುದು ಅಲ್ಲಿಂದ. ತುಂಗಾ ಮತ್ತು ಭದ್ರಾ ಕೂಡ್ಲಿಯಲ್ಲಿ ಸೇರಿ ತುಂಗಭದ್ರಾ ಆದ ಹಾಗೆಯೇ ಇದೂ.

ಎರಡನೆಯದು ರಾಮಾಯಣದ ಕಥೆ. ಉತ್ತರಕಾಂಡದಲ್ಲಿ ವೇದವತಿ ಎಂಬ ತಪಸ್ವಿನಿ ಬರುತ್ತಾಳೆ. ಕುಶಧ್ವಜ ಋಷಿಯ ಮಗಳು. ರಾವಣ ಅವಳ ಕೂದಲಿಗೆ ಕೈ ಹಾಕಿದಾಗ ಅವಳು ಬೆಂಕಿಗೆ ಹಾರುತ್ತಾಳೆ, ಮುಂದೆ ಸೀತೆಯಾಗಿ ಹುಟ್ಟಿ ಅವನ ನಾಶಕ್ಕೆ ಕಾರಣಳಾಗುತ್ತಾಳೆ. ಈ ಹೆಸರಿಗೆ ದೀರ್ಘ ಇಲ್ಲ. ಹೊಳೆಯನ್ನು ಹೆಣ್ಣಾಗಿ, ತಾಯಿಯಾಗಿ ನೋಡುವವರಿಗೆ ಈ ಕಥೆ ಹತ್ತಿರ.

ನಮಗೆ ಕಾಣುವುದು ಇಷ್ಟು. ಕಡೂರಿನ ಕಡೆಯವರಿಗೆ ಸಂಗಮ ಕಣ್ಣೆದುರಿಗೇ ಇದೆ, ಅವರಿಗೆ ಎರಡು ಹೊಳೆಯ ಲೆಕ್ಕ ಸಹಜ. ಸಂಗಮ ನೋಡದ ಕೆಳಗಿನ ಊರುಗಳಲ್ಲಿ ಪುರಾಣದ ಹೆಣ್ಣುಮಗಳ ಕಥೆ ಬೇರೂರುವುದೂ ಅಷ್ಟೇ ಸಹಜ. ಎಲ್ಲಿ ನಿಂತು ಹೊಳೆ ನೋಡುತ್ತೇವೆ ಎನ್ನುವುದರ ಮೇಲೆ ಹೆಸರಿನ ಅರ್ಥ ನಿಂತಿದೆ.

ಹಿರಿಯೂರು ತಾಲ್ಲೂಕಿನಲ್ಲೇ ಇನ್ನೊಂದು ಉದಾಹರಣೆ ಇದೆ. ಸುವರ್ಣಮುಖಿ ಹೊಳೆ ಬಂದು ವೇದಾವತಿಗೆ ಸೇರುವ ಜಾಗದ ಊರು ಕೂಡ್ಲಹಳ್ಳಿ. ಕೂಡಲು ಅಂದರೆ ಕೂಡುವ ಜಾಗ. ಅದನ್ನು ತಿಳಿಯಲು ನಕ್ಷೆ ಬೇಕಿಲ್ಲ, ಊರಿನ ಹೆಸರು ಕೇಳಿದರೆ ಸಾಕು. ಬೇಸಿಗೆಯಲ್ಲಿ ಎರಡೂ ಹೊಳೆ ಒಣಗಿ, ಎಲ್ಲಿ ಯಾವುದು ಸೇರುತ್ತದೆ ಎಂದು ಕಣ್ಣಿಗೆ ಕಾಣದಿದ್ದಾಗಲೂ ಹೆಸರು ಅದನ್ನು ಹೇಳುತ್ತದೆ.

ಹಗರಿ ಎಂಬ ಹೆಸರು, ಮೂರು ಹಗರಿಗಳು

ಹಗರಿ ಎಂಬ ಹೆಸರಿಗೆ ಹಳಬರು ಹೇಳುವ ಅರ್ಥ ಅಘಹರಿ. ಅಘ ಅಂದರೆ ಪಾಪ, ಅದನ್ನು ಹರಿಸುವುದು, ಅಂದರೆ ಕಳೆಯುವುದು ಅಘಹರಿ. ಬಾಯಿಂದ ಬಾಯಿಗೆ ಸವೆದು ಹಗರಿ ಆಯಿತು ಎಂಬುದು ಆ ವಿವರಣೆ. ಬ್ರಿಟಿಷರ ಕಾಲದ ಗೆಜೆಟಿಯರ್‌ಗಳೂ ಇದನ್ನೇ ದಾಖಲಿಸಿವೆ. ಆಡುಮಾತಿನ ಹೆಸರಿಗೆ ಆಮೇಲೆ ಸಂಸ್ಕೃತದ ಅರ್ಥ ಹೊಂದಿಸುವುದು ನಮ್ಮಲ್ಲಿ ಹೊಸದಲ್ಲ, ಹಾಗಾಗಿ ಇದನ್ನು ಭಕ್ತಿಯ ವಿವರಣೆ ಎಂದು ತೆಗೆದುಕೊಂಡರೆ ಸಾಕು.

ಗೊಂದಲ ಇರುವುದು ಬೇರೆ ಕಡೆ. ಹಗರಿ ಎಂಬ ಹೆಸರಿನ ಹೊಳೆ ಒಂದೇ ಅಲ್ಲ.

ದೊಡ್ಡದು ಈ ವೇದಾವತಿಯೇ. ಎರಡನೆಯದು ಮೊಳಕಾಲ್ಮೂರು ತಾಲ್ಲೂಕಿನ ಚಿನ್ನಹಗರಿ, ಅದಕ್ಕೆ ಜನಗಹಳ್ಳ ಎಂಬ ಹೆಸರೂ ಇದೆ. ರಂಗಯ್ಯನದುರ್ಗ ಜಲಾಶಯ ಇರುವುದು ಇದರ ಮೇಲೆ. ಮೂರನೆಯದು ಚಿಕ್ಕಹಗರಿ. ಅದು ಕೂಡ್ಲಿಗಿ ಕಡೆಯಿಂದ ಹರಿದು ತುಂಗಭದ್ರೆಯ ಕಡೆಗೇ ನೇರ ಹೋಗುತ್ತದೆ, ವೇದಾವತಿಗೆ ಸೇರುವುದೇ ಇಲ್ಲ. ಹಗರಿಬೊಮ್ಮನಹಳ್ಳಿ ಎಂಬ ಊರಿನ ಹೆಸರಿನಲ್ಲಿರುವ ಹಗರಿ ಈ ಮೂರನೆಯದು. ಚಿನ್ನ ಎಂಬುದು ತೆಲುಗಿನಲ್ಲಿ ಸಣ್ಣದು, ಚಿಕ್ಕ ಎಂಬುದು ಕನ್ನಡದಲ್ಲಿ ಸಣ್ಣದು. ಎರಡು ಭಾಷೆ ಬೆರೆತ ಸೀಮೆಯಲ್ಲಿ ಎರಡು ಸಣ್ಣ ಹೊಳೆಗೆ ಒಂದೇ ಅರ್ಥದ ಎರಡು ಹೆಸರು ಬಿದ್ದಿವೆ. ಹಗರಿಯಲ್ಲಿ ಪ್ರವಾಹ ಎಂದು ಮೊಬೈಲಿನಲ್ಲಿ ಸುದ್ದಿ ಬಂದರೆ ಯಾವ ಹಗರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಚಿನ್ನಹಗರಿಯನ್ನು ಸಣ್ಣದು ಎಂದು ಕಡೆಗಣಿಸುವ ಹಾಗಿಲ್ಲ. ಅದರ ದಂಡೆಯ ಸಿದ್ದಾಪುರ, ಹತ್ತಿರದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಶಾಸನದಲ್ಲಿ ಇಸಿಲ ಎಂಬ ಊರಿನ ಹೆಸರಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದಾಗ ಅಶೋಕನಿಗಿಂತ ಹಿಂದಿನ ಕಾಲದ ಜನವಸತಿಯ ಗುರುತುಗಳೂ ಸಿಕ್ಕವು. ನಾವು ಬರಡು ಎಂದು ಕರೆಯುವ ಈ ಸೀಮೆಯಲ್ಲಿ ಸಾವಿರಾರು ವರ್ಷ ಜನ ಬಾಳಿದ್ದಾರೆ. ಮರಳಿನಡಿಯ ನೀರು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಕರಾರಿನಲ್ಲಿ ಎರಡೂ ಹೆಸರು

ಅಶೋಕನ ಶಾಸನ ಬೆಳಕಿಗೆ ಬಂದ ಅದೇ 1892ರಲ್ಲಿ ಇನ್ನೊಂದು ಕಾಗದ ಹುಟ್ಟಿತು. ಅದು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರದ ನಡುವಿನ ನೀರಿನ ಕರಾರು. ಕಾವೇರಿ ವಿವಾದದಲ್ಲಿ ಈ ಕರಾರಿನ ಹೆಸರು ನೀವು ಕೇಳಿರುತ್ತೀರಿ. ಅದು ಕಾವೇರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮೈಸೂರಿನಲ್ಲಿ ಹರಿದು ಮದ್ರಾಸಿಗೆ ಹೋಗುವ ನದಿಗಳ ಪಟ್ಟಿಯೇ ಅದರಲ್ಲಿದೆ. ಆ ನದಿಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಎಂಬುದು ಷರತ್ತು. ನಮ್ಮ ಹೊಳೆಯೂ ಆ ಪಟ್ಟಿಯಲ್ಲಿದೆ, ಹಗರಿ ಮತ್ತು ವೇದಾವತಿ ಎಂಬ ಎರಡೂ ಹೆಸರು ಕೊಟ್ಟು.

ಎರಡೂ ಹೆಸರು ಯಾಕೆ ಬೇಕಾಯಿತು ಎಂದು ಯೋಚಿಸಿ. ಮೈಸೂರಿನ ಜನಕ್ಕೆ ಅದು ವೇದಾವತಿ. ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಗೆ ಅದು ಹಗರಿ. ಒಂದೇ ಹೆಸರು ಬರೆದಿದ್ದರೆ, ನಾವು ಒಪ್ಪಿದ್ದು ಆ ಹೊಳೆಗೆ, ಈ ಹೊಳೆಗಲ್ಲ ಎಂದು ಯಾರಾದರೂ ತಕರಾರು ತೆಗೆಯಲು ಜಾಗವಿರುತ್ತಿತ್ತು. ನೀರಿನ ಲೆಕ್ಕದಲ್ಲಿ ಹೆಸರಿಗೆ ಬೆಲೆ ಇದೆ.

ಮುಂದೆ ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಕೃಷ್ಣಾ ಕಣಿವೆಯನ್ನು 12 ಉಪಕಣಿವೆಗಳಾಗಿ ಲೆಕ್ಕ ಹಾಕಿತು. ಅದರಲ್ಲಿ ವೇದಾವತಿಗೆ ತುಂಗಭದ್ರೆಯಿಂದ ಬೇರೆಯಾಗಿ ಒಂದು ಸಂಖ್ಯೆ ಸಿಕ್ಕಿತು: ಕೆ-9. ತುಂಗಭದ್ರೆಯ ಉಪನದಿಯೇ ಆದರೂ ಇದರ ನೀರಿನ ಲೆಕ್ಕ ಪ್ರತ್ಯೇಕ. ಹೊಲದಲ್ಲಿ ನಿಂತವನಿಗೆ ಹಗರಿ, ಕಡತದಲ್ಲಿ ಕೆ-9.

ಮಾರಿಕಣಿವೆಯಿಂದ ವಾಣಿವಿಲಾಸಕ್ಕೆ

ಹೊಸದುರ್ಗ ಮತ್ತು ಹಿರಿಯೂರು ನಡುವೆ ಹೊಳೆ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳಿ ಹೋಗುವ ಜಾಗ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿಯಿಂದ ಬಂದ ಹೆಸರು. ಇಂಥ ಇಕ್ಕಟ್ಟಾದ ಜಾಗ ಅಣೆಕಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಉದ್ದ ಕಡಿಮೆ ಕಟ್ಟಿದರೂ ಹಿಂದೆ ನೀರು ಬಹಳ ನಿಲ್ಲುತ್ತದೆ.

1894ರ ಕೊನೆಯಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ತೀರಿಕೊಂಡರು. ಮಗ ಇನ್ನೂ ಚಿಕ್ಕವರು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಆ ಅವಧಿಯಲ್ಲಿ, 1897ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟೆ ಶುರುವಾಗುವ ಮೊದಲೇ ನಮ್ಮ ಒಣಸೀಮೆಯ ಈ ಕಟ್ಟೆ ನಿಂತಿತ್ತು. ಮಹಾರಾಣಿಯ ಹೆಸರು ಕಟ್ಟೆಗೆ ಬಂತು. ಆದರೂ ಹಳ್ಳಿಯ ಬಾಯಲ್ಲಿ ಇವತ್ತಿಗೂ ಮಾರಿಕಣಿವೆ ಎಂಬ ಹೆಸರು ಹೋಗಿಲ್ಲ.

ಕಟ್ಟೆಯ ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಆಶ್ಚರ್ಯ ಇರುವುದು ಮುಂದಿನ ಲೆಕ್ಕದಲ್ಲಿ. 1933ರಲ್ಲಿ ಇದು ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಅಜ್ಜ ಕೋಡಿ ನೋಡಿದ್ದ, ಅಪ್ಪ ನೋಡದೆ ಹೋದ, ಮೊಮ್ಮಗ ನೋಡಿದ ಎನ್ನುವ ಮನೆಗಳು ಹಿರಿಯೂರಿನಲ್ಲಿವೆ. ಮೂರನೇ ಸಲ ಕೋಡಿ ಬಿದ್ದಿದ್ದು 2025ರ ಜನವರಿಯಲ್ಲಿ, ಅಂದರೆ ಎರಡೂವರೆ ವರ್ಷ ಕಳೆಯುವ ಮೊದಲೇ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನೀರನ್ನು ಎತ್ತಿ ಈ ಕಟ್ಟೆಗೆ ಹರಿಸಲು ಶುರು ಮಾಡಿದ್ದೂ ಇದಕ್ಕೆ ಒಂದು ಕಾರಣ. ಬೆಟ್ಟ ಪಶ್ಚಿಮಕ್ಕೆ ತಿರುಗಿಸಿದ್ದ ಮಳೆನೀರಿನ ಸ್ವಲ್ಪ ಪಾಲನ್ನು ಈಗ ಪಂಪ್ ಪೂರ್ವಕ್ಕೆ ತಿರುಗಿಸಿದೆ.

ಗೆರೆ ಬದಲಾದಾಗ

ಹೊಳೆಯ ಕೆಳಭಾಗದ ಕಥೆ ಗಡಿಯ ಕಥೆ. ಸ್ವಾತಂತ್ರ್ಯ ಬಂದಾಗ ಬಳ್ಳಾರಿ, ಸಿರುಗುಪ್ಪ, ರಾಯದುರ್ಗ, ಆದೋನಿ, ಆಲೂರು ಎಲ್ಲವೂ ಮದ್ರಾಸಿನ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. ಮೊದಲು ಮೈಸೂರಿನಿಂದ ಮದ್ರಾಸಿಗೆ ಒಂದು ಗೆರೆ ದಾಟುತ್ತಿದ್ದ ಹೊಳೆ, ಅಂದಿನಿಂದ ಕರ್ನಾಟಕದಿಂದ ಆಂಧ್ರಕ್ಕೆ, ಆಂಧ್ರದಿಂದ ಮತ್ತೆ ಕರ್ನಾಟಕಕ್ಕೆ ಎರಡು ಗೆರೆ ದಾಟಬೇಕಾಯಿತು.

ಮಾತು ಗೆರೆಯ ಪ್ರಕಾರ ಬದಲಾಗಲಿಲ್ಲ. ರಾಯದುರ್ಗದ ಸಂತೆಯಲ್ಲಿ ಕನ್ನಡ ಇದೆ, ಪರಶುರಾಂಪುರದ ಮನೆಗಳಲ್ಲಿ ತೆಲುಗು ಇದೆ. ಸಂಬಂಧ ಬೆಳೆಸುವುದು, ದನ ಮಾರುವುದು, ಜಾತ್ರೆಗೆ ಹೋಗುವುದು ಎರಡೂ ಕಡೆಗೆ. ಆದರೆ ನೀರಿನ ವಿಷಯ ಬಂದಾಗ ಮೇಲಿನವರು, ಕೆಳಗಿನವರು ಎಂಬ ಲೆಕ್ಕ ಶುರುವಾಗುತ್ತದೆ. ಮೇಲೆ ಮಾರಿಕಣಿವೆ ಇದೆ, ಕೆರೆಗಳಿವೆ, ಚೆಕ್‌ಡ್ಯಾಂಗಳಿವೆ. ಇವೆಲ್ಲ ತುಂಬಿ ಮಿಕ್ಕಿದ್ದು ಮಾತ್ರ ಭೈರವಾನಿತಿಪ್ಪಕ್ಕೆ. ಅಲ್ಲಿಂದ ಮಿಕ್ಕಿದ್ದು ಬಳ್ಳಾರಿಗೆ.

ಬಳ್ಳಾರಿ ಸೀಮೆಯ ಹಗರಿಗೆ ಇನ್ನೊಂದು ಗುಣವೂ ಇದೆ. ಅಗಲವಾದ ಮರಳುಪಾತ್ರ, ಬೇಸಿಗೆ ಮುಗಿಯುವಾಗ ಬೀಸುವ ನೈರುತ್ಯ ಗಾಳಿ. ಗಾಳಿ ಮರಳನ್ನು ಎತ್ತಿ ಪೂರ್ವದಂಡೆಯ ಹೊಲಗಳಿಗೆ ಸುರಿಯುತ್ತದೆ. ನೂರು ವರ್ಷದ ಹಿಂದೆ ಅಲ್ಲಿ ಮರಳುದಿಬ್ಬಗಳು ಹೊಲ ನುಂಗುತ್ತಿದ್ದುದನ್ನು ಆಗಿನ ಸರ್ಕಾರಿ ಗೆಜೆಟಿಯರ್‌ಗಳು ಬರೆದಿವೆ. ಆಗ ಮರಳು ಹೆಚ್ಚಾಯಿತು ಎಂಬ ದೂರು. ಈಗ ಅದೇ ಮರಳನ್ನು ಲಾರಿಗಳು ಹೊತ್ತು, ಪಾತ್ರದಲ್ಲಿ ಗುಂಡಿ ಬಿದ್ದು, ಒರತೆ ಬತ್ತಿ, ದಂಡೆಯ ಕೊಳವೆಬಾವಿಗಳು ಕೈಕೊಡುತ್ತಿವೆ ಎಂಬ ದೂರು.

ಹೊಳೆ ತನ್ನ ದಾರಿ ಮರೆಯಲಿಲ್ಲ

2022ಕ್ಕೆ ಮತ್ತೆ ಬರೋಣ. 89 ವರ್ಷ ಅಂದರೆ ಮೂರು ತಲೆಮಾರು. ಅಷ್ಟು ಕಾಲ ಡ್ಯಾಂ ಕೆಳಗಿನ ಹೊಳೆ ಸಣ್ಣ ಹಳ್ಳದಂತೆ ಇತ್ತು. ದಂಡೆಯವರು ಅದನ್ನು ಹೊಳೆ ಅನ್ನುವುದನ್ನೇ ಬಿಟ್ಟು ಹಳ್ಳ ಅಂದರು. ಹಳ್ಳ ಎಂದ ಮೇಲೆ ಅದರ ಬದಿಗೆ ತೋಟ ಬಂತು, ಮೋಟಾರು ಮನೆ ಬಂತು, ಕೆಲವು ಕಡೆ ಮನೆಗಳೂ ಬಂದವು. ಆ ವರ್ಷ ಕೋಡಿಯ ನೀರು, ಮೇಲಿಂದ ಮೇಲೆ ಸುರಿದ ಮಳೆಯ ನೀರು ಎರಡೂ ಸೇರಿದಾಗ ಹೊಳೆ ತನ್ನ ಹಳೆಯ ಅಗಲಕ್ಕೆ ಹರಡಿಕೊಂಡಿತು. ಹಿರಿಯೂರಿನಲ್ಲಿ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಡ್ಯಾಂ ಹಿಂಭಾಗದಲ್ಲಿ ಹೊಸದುರ್ಗ ತಾಲ್ಲೂಕಿನ ಹೊಲ ತೋಟಗಳು ಹಿನ್ನೀರಿನಲ್ಲಿ ಮುಳುಗಿದವು.

ಕೆಳಗೆ ಬಳ್ಳಾರಿ ತಾಲ್ಲೂಕಿನಲ್ಲಿ ಇನ್ನೊಂದು ಹೊಡೆತ ಬಿತ್ತು. ತುಂಗಭದ್ರಾ ಕೆಳಮಟ್ಟದ ಕಾಲುವೆ ಹಗರಿಯನ್ನು ಬೈರದೇವನಹಳ್ಳಿ ಹತ್ತಿರ ಮೇಲ್ಗಾಲುವೆಯಲ್ಲಿ ದಾಟುತ್ತದೆ. ಪ್ರವಾಹದ ಸೆಳೆತಕ್ಕೆ ಅದರ ಕಂಬವೊಂದು ಕುಸಿಯಿತು. ಕಾಲುವೆ ನೀರು ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಬೆಳೆ ನಿಂತಿದ್ದ ಕಾಲ ಅದು. ತುಂಗಭದ್ರೆಯ ನೀರು ನಂಬಿದ್ದ ಕರ್ನಾಟಕ, ಆಂಧ್ರ ಎರಡೂ ಕಡೆಯ ರೈತರು ಹಗರಿಯಿಂದಾಗಿ ದಿನ ಎಣಿಸುತ್ತಾ ಕೂತರು. "ನಮಗೇನು ಸಂಬಂಧ" ಎಂದು ನಮಗೆ ಫೋನ್ ಮಾಡಿದ್ದ ಓದುಗರು ಆಗ ಇನ್ನೊಮ್ಮೆ ಫೋನ್ ಮಾಡಿ, "ಡ್ಯಾಂನಿಂದ ಎಷ್ಟು ನೀರು ಬಿಡ್ತಾ ಇದ್ದಾರೆ?" ಎಂದು ಕೇಳಿದರು.

ಹೆಸರಿನ ಮಾತು ಇಲ್ಲಿ ಬಂದು ನಿಲ್ಲುತ್ತದೆ. ಹೊಳೆ ಎಂದು ಕರೆಯುವಷ್ಟು ಕಾಲ ಅದಕ್ಕೆ ಜಾಗ ಬಿಡುತ್ತೇವೆ. ಹಳ್ಳ ಎಂದ ದಿನದಿಂದ ಒತ್ತುತ್ತೇವೆ. ಮೇಲಿನದು ವೇದಾವತಿ, ಕೆಳಗಿನದು ಹಗರಿ ಎಂದು ಬೇರೆ ಮಾಡಿದರೆ ಮೇಲಿನವರಿಗೆ ಕೆಳಗಿನವರ ಬಾಯಾರಿಕೆ ಕಾಣುವುದಿಲ್ಲ, ಕೆಳಗಿನವರಿಗೆ ಮೇಲಿಂದ ಬರುವ ನೀರಿನ ಸುದ್ದಿ ಮುಟ್ಟುವುದಿಲ್ಲ.

ಎರಡು ಹೆಸರು ಇರುವುದು ತಪ್ಪಲ್ಲ. ಒಂದನ್ನು ಅಳಿಸಿ ಇನ್ನೊಂದು ಉಳಿಸಿ ಎಂದು ನಾವು ಹೇಳುತ್ತಿಲ್ಲ. 1892ರ ಕಾಗದದವರು ಮಾಡಿದ ಹಾಗೆ ಎರಡನ್ನೂ ಜೊತೆಗೆ ಬರೆಯೋಣ. ಇನ್ನು ಮುಂದೆ ನಮ್ಮ ಸುದ್ದಿಗಳಲ್ಲಿ ವೇದಾವತಿ (ಹಗರಿ) ಎಂದೇ ಬರೆಯಲು ತೀರ್ಮಾನಿಸಿದ್ದೇವೆ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ಊರಿನ ಹೊಳೆಯಲ್ಲಿ ಮಡು ಎಲ್ಲಿತ್ತು, ಒರತೆ ಎಲ್ಲಿ ತೋಡುತ್ತಿದ್ದರು, ದಾಟುವ ಜಾಗಕ್ಕೆ ಏನೆನ್ನುತ್ತಿದ್ದರು, ಹಿಂದಿನ ಪ್ರವಾಹದ ನೀರು ಯಾವ ಕಲ್ಲಿನವರೆಗೆ ಬಂದಿತ್ತು, ಇದನ್ನೆಲ್ಲ ಬಲ್ಲ ಹಿರಿಯರು ಇನ್ನೂ ಕೆಲವರು ಇದ್ದಾರೆ. ಸಂಜೆ ಕಟ್ಟೆಯ ಮೇಲೆ ಕೂತಾಗ ಕೇಳಿ, ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೂಡ್ಲಹಳ್ಳಿ ಎಂಬ ಹೆಸರು ಒಣಗಿದ ಸಂಗಮವನ್ನು ತೋರಿಸುವ ಹಾಗೆ, ಆ ಹೆಸರುಗಳು ಮುಂದಿನ ಕೋಡಿಯ ನೀರು ಎಲ್ಲಿಗೆ ಬರುತ್ತದೆ ಎಂದು ತೋರಿಸುತ್ತವೆ.